ಹಳೆಯ ಹಾಡಿನ ವಿಳಾಸ: ಸೆಡ್ಜ್‌ವಿಕ್ ಅವೆನ್ಯೂ 1520

ನ್ಯೂಯಾರ್ಕ್‌ಗೆ ಹೋದವರು ಸ್ವಾತಂತ್ರ್ಯ ದೇವಿಯ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ, ಟೈಮ್ಸ್ ಸ್ಕ್ವೇರ್ ಇಷ್ಟನ್ನು ನೋಡಿ, ನಾಲ್ಕಾರು ಫೋಟೋ ತೆಗೆಸಿಕೊಂಡು ಹಿಂತಿರುಗುವುದು ವಾಡಿಕೆ. ಆ ಮಹಾನಗರಕ್ಕೆ ಐದು ವಿಭಾಗಗಳಿವೆ. ಅವುಗಳಲ್ಲಿ ಉತ್ತರದ ತುದಿಯದು ಬ್ರಾಂಕ್ಸ್. ಅಲ್ಲಿನ ಮೃಗಾಲಯಕ್ಕಾಗಿ ಹೋಗುವವರು ಉಂಟು. ಊರನ್ನೇ ನೋಡಲು ಹೋಗುವವರು ಕಡಿಮೆ. ಮ್ಯಾನ್‌ಹಟನ್‌ನಲ್ಲಿ 4ನೇ ನಂಬರಿನ ರೈಲು ಹತ್ತಿದರೆ ಅದು ನೆಲದೊಳಗೇ ಹಾರ್ಲೆಮ್ ನದಿಯನ್ನು ದಾಟಿ, ಯಾಂಕಿ ಕ್ರೀಡಾಂಗಣದ ಬಳಿ ತಟ್ಟನೆ ಬೆಳಕಿಗೆ ಬರುತ್ತದೆ. ಅಲ್ಲಿಂದ ಮುಂದೆ ಕಬ್ಬಿಣದ ಕಂಬಗಳ ಮೇಲೆ, ಜೆರೋಮ್ ಅವೆನ್ಯೂವಿನ ನೆತ್ತಿಯ ಮೇಲೆಯೇ ಅದರ ಓಟ. 176ನೇ ಬೀದಿಯ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ಹೆಜ್ಜೆ ಹಾಕಬೇಕು. ಒಂದು ದಿಬ್ಬ ಏರಿ, ಇಳಿದು, ನದಿಯ ಕಡೆಗೆ ಬಂದರೆ ಸೆಡ್ಜ್‌ವಿಕ್ ಅವೆನ್ಯೂ ಸಿಗುತ್ತದೆ.

1520 ಎಂಬ ನಂಬರಿನ ಕಟ್ಟಡ ನೋಡಲು ಏನೂ ಅಲ್ಲ. ಇಟ್ಟಿಗೆಯ ಗೋಡೆ, ಸಾಲು ಕಿಟಕಿಗಳು, 18 ಅಂತಸ್ತು, 102 ಮನೆಗಳು. ಒಂದು ಪಕ್ಕದಲ್ಲಿ ಮೇಜರ್ ಡೀಗನ್ ಹೆದ್ದಾರಿ ಹಗಲೂ ರಾತ್ರಿ ಮೊರೆಯುತ್ತದೆ. ಅದರಾಚೆ ನದಿ. ಇಂಥ ಕಟ್ಟಡಗಳು ಆ ಊರಿನಲ್ಲಿ ನೂರಾರು ಇವೆ. ಆದರೂ ಈ ಒಂದರ ಮುಂದೆ ಮಾತ್ರ ದೂರದೂರದ ದೇಶಗಳವರು ಬಂದು ನಿಲ್ಲುತ್ತಾರೆ, ತಲೆಯೆತ್ತಿ ನೋಡುತ್ತಾರೆ, ಬಾಗಿಲಿನ ಮೇಲಿನ ಅಂಕಿಗಳ ಚಿತ್ರ ತೆಗೆಯುತ್ತಾರೆ. ಹೀಗೆ ಬರುವವರಲ್ಲಿ ಕೂದಲು ನರೆತವರೇ ಬಹಳ. ಹದಿನೈದು ಹದಿನಾರರ ವಯಸ್ಸಿನಲ್ಲಿ ತಮ್ಮನ್ನು ಮರುಳು ಮಾಡಿದ್ದ ಸಂಗೀತದ ತವರನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಅವರದು. ಬೀದಿಯ ಕಂಬದ ಮೇಲೆ ‘ಹಿಪ್ ಹಾಪ್ ಬೊಲೆವಾರ್ಡ್’ ಎಂಬ ಹಸಿರು ಫಲಕವಿದೆ.

ಹಿಪ್ ಹಾಪ್ ಎಂದರೇನೆಂದು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ತಾಯಿತಂದೆಯರಿಗೆ ಹೇಳಬೇಕಾದೀತು. ತಾಳಕ್ಕೆ ಸರಿಯಾಗಿ ಪ್ರಾಸ ಕಟ್ಟಿ ಮಾತನ್ನೇ ಹಾಡಿನಂತೆ ಒಪ್ಪಿಸುವ ರ‍್ಯಾಪ್, ಗ್ರಾಮಫೋನ್ ತಟ್ಟೆಗಳನ್ನೇ ವಾದ್ಯದಂತೆ ನುಡಿಸುವ ಡೀಜೆ, ನೆಲದ ಮೇಲೆ ಬುಗುರಿಯಂತೆ ತಿರುಗುವ ಬ್ರೇಕ್ ನೃತ್ಯ, ರೈಲುಗಾಡಿಗಳ ಮೈಮೇಲೆ ಬಣ್ಣ ಎರಚಿ ಬರೆದ ಗ್ರಾಫಿಟಿ ಇವೆಲ್ಲ ಸೇರಿದ್ದು ಹಿಪ್ ಹಾಪ್. ಇಂದು ಅದು ಕೋಟ್ಯಂತರ ಡಾಲರುಗಳ ಉದ್ಯಮ. ಹುಟ್ಟಿದಾಗ ಮಾತ್ರ ಅದರ ಬಂಡವಾಳ ಶಾಲೆಯ ಹುಡುಗಿಯೊಬ್ಬಳ ಕೈಖರ್ಚಿನ ಕಾಸು.

ಆ ಹುಡುಗಿಯ ಹೆಸರು ಸಿಂಡಿ ಕ್ಯಾಂಪ್‌ಬೆಲ್. 1973ರ ಬೇಸಿಗೆ ರಜೆ ಮುಗಿಯುತ್ತಿತ್ತು. ಶಾಲೆ ತೆರೆಯುವ ಹೊತ್ತಿಗೆ ಹೊಸ ಬಟ್ಟೆ ಬೇಕು. ಅದೂ ಎಲ್ಲರೂ ಕೊಳ್ಳುವ ಅಂಗಡಿಯದಲ್ಲ, ಮ್ಯಾನ್‌ಹಟನ್‌ನ ಡಿಲ್ಯಾನ್ಸಿ ಬೀದಿಯದೇ ಆಗಬೇಕು. ದುಡ್ಡಿಗೇನು ಮಾಡುವುದು? ತಮ್ಮ ಕಟ್ಟಡದ ಕೆಳಗಿನ ಮನರಂಜನೆಯ ಕೋಣೆಯನ್ನು 25 ಡಾಲರಿಗೆ ಬಾಡಿಗೆಗೆ ಹಿಡಿದು ಒಂದು ಕುಣಿತದ ಕೂಟ ಏರ್ಪಡಿಸಿದಳು. ರಟ್ಟಿನ ಚೀಟಿಗಳ ಮೇಲೆ ಕೈಯಲ್ಲೇ ಬರೆದು ಆಹ್ವಾನ ಹಂಚಿದ್ದಾಯಿತು. ಆಗಸ್ಟ್ 11, ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು. ಸಂಗೀತದ ಹೊಣೆ 18 ವರ್ಷದ ಅಣ್ಣ ಕ್ಲೈವ್‌ನದು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ, 1967ರಲ್ಲಿ ಬ್ರಾಂಕ್ಸ್‌ಗೆ ಬಂದ ಆಜಾನುಬಾಹು. ಗೆಳೆಯರು ಅವನನ್ನು ಹರ್ಕ್ಯುಲೀಸ್ ಎಂದು ಕರೆದು, ಅದು ಮೊಟಕಾಗಿ ‘ಹರ್ಕ್’ ಆಗಿ, ಡೀಜೆ ಕೂಲ್ ಹರ್ಕ್ ಎಂಬ ಹೆಸರೇ ನಿಂತಿತು.

ಹರ್ಕ್ ಒಂದು ಸಂಗತಿಯನ್ನು ಗಮನಿಸಿದ. ಹಾಡು ಪೂರ್ತಿ ನಡೆಯುತ್ತಿದ್ದಾಗ ಸುಮ್ಮನೆ ನಿಂತಿರುತ್ತಿದ್ದ ಹುಡುಗರು, ನಡುವೆ ಗಾಯಕನೂ ಇತರ ವಾದ್ಯಗಳೂ ನಿಂತು ಬರೀ ತಾಳವಾದ್ಯ ಉಳಿಯುವ ಆ ಕೆಲವು ಕ್ಷಣಗಳಿಗಾಗಿ ಕಾಯುತ್ತಿದ್ದರು. ಅದು ಬಂದೊಡನೆ ಅಂಗಳಕ್ಕೆ ಜಿಗಿಯುತ್ತಿದ್ದರು. ಆ ಭಾಗಕ್ಕೆ ‘ಬ್ರೇಕ್’ ಎಂದು ಹೆಸರು. ಕರ್ನಾಟಕ ಸಂಗೀತ ಕಚೇರಿಯ ತನಿ ಆವರ್ತನವನ್ನು ನೆನೆದುಕೊಂಡರೆ ಸಾಕು, ಅರ್ಥವಾಗುತ್ತದೆ. (ತನಿ ಶುರುವಾದೊಡನೆ ಕಾಫಿಗೆ ಎದ್ದುಹೋಗುವ ರಸಿಕರನ್ನು ಬ್ರಾಂಕ್ಸ್‌ನ ಹುಡುಗರು ಕ್ಷಮಿಸುತ್ತಿರಲಿಲ್ಲ.) ಆದರೆ ರೆಕಾರ್ಡಿನಲ್ಲಿ ಆ ಬ್ರೇಕ್ ಹತ್ತೋ ಇಪ್ಪತ್ತೋ ಸೆಕೆಂಡಿಗೆ ಮುಗಿದುಹೋಗುತ್ತದೆ. ಹರ್ಕ್ ಕಂಡುಕೊಂಡ ಉಪಾಯ ಸರಳ. ಒಂದೇ ಹಾಡಿನ ಎರಡು ತಟ್ಟೆ, ಎರಡು ಟರ್ನ್‌ಟೇಬಲ್. ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಮೊದಲಿನಿಂದ ಹಾಕುವುದು. ಅದು ಮುಗಿಯುವಷ್ಟರಲ್ಲಿ ಮತ್ತೆ ಇದು. ಹತ್ತು ಸೆಕೆಂಡಿನ ತಾಳ ಹತ್ತು ನಿಮಿಷ ಎಳೆಯಿತು. ಅವನ ಗೆಳೆಯ ಕೋಕ್ ಲ ರಾಕ್ ಮೈಕು ಹಿಡಿದು ನೆರೆದವರ ಹೆಸರು ಕೂಗಿ ಹುರಿದುಂಬಿಸಿದ. ಮುಂದೆ ರ‍್ಯಾಪ್ ಆಗಿ ಬೆಳೆದದ್ದು ಈ ಕೂಗಾಟವೇ. ಇದೆಲ್ಲವೂ ಆ ಒಂದೇ ರಾತ್ರಿ ನಡೆಯಿತೆಂದು ತಿಳಿಯಬೇಕಾಗಿಲ್ಲ. ಯಾವ ಕಲೆಯೂ ತಾರೀಖು ನೋಡಿ ಹುಟ್ಟುವುದಿಲ್ಲ. ಹುಟ್ಟುಹಬ್ಬ ಬೇಕಾದವರು ಒಂದು ತಾರೀಖನ್ನು ಗೊತ್ತುಮಾಡಿಕೊಳ್ಳುತ್ತಾರೆ, ಅಷ್ಟೆ.

ಈ ಕಥೆಯಲ್ಲಿ ತಂದೆಗೂ ಒಂದು ಪಾತ್ರವಿದೆ. ಹರ್ಕ್‌ನ ತಂದೆ ವಾದ್ಯಗೋಷ್ಠಿಯೊಂದಕ್ಕಾಗಿ ದೊಡ್ಡ ಶೂರ್ ಧ್ವನಿವರ್ಧಕಗಳನ್ನು ಕೊಂಡಿದ್ದರು. ಆದರೆ ಅವುಗಳಿಂದ ಬರಬೇಕಾದಷ್ಟು ಧ್ವನಿ ಬರುತ್ತಿರಲಿಲ್ಲ. ಅವರಿಲ್ಲದ ಹೊತ್ತಿನಲ್ಲಿ ಮಗ ತಂತಿಗಳನ್ನು ಬಿಚ್ಚಿ, ಪ್ರಿಆಂಪ್ಲಿಫೈಯರ್‌ಗೆ ತನಗೆ ತೋಚಿದಂತೆ ಜೋಡಿಸಿದಾಗ ಮನೆ ಅದುರುವಂಥ ಸದ್ದು ಹೊರಟಿತು. ತಂದೆ ಬೈಯಲಿಲ್ಲ, ಯಂತ್ರವನ್ನು ಮಗನಿಗೂ ಬಳಸಲು ಕೊಟ್ಟರು. ರೆಕಾರ್ಡುಗಳ ಹೆಸರು ಎದುರಾಳಿಗಳಿಗೆ ತಿಳಿಯದಂತೆ ಬಚ್ಚಿಡು ಎಂಬ ಜಮೈಕಾದ ಗುಟ್ಟನ್ನೂ ಹೇಳಿಕೊಟ್ಟರು. ಹರ್ಕ್ ತಟ್ಟೆಗಳನ್ನು ನೀರಿನಲ್ಲಿ ನೆನೆಸಿ ಹೆಸರಿನ ಕಾಗದವನ್ನೇ ಕಿತ್ತುಹಾಕಿದ.

ಎಲ್ಲ ಮನೆಗಳಲ್ಲೂ ಹೀಗಿರಲಿಲ್ಲ. ಬಾರ್ಬಡೋಸ್‌ನಲ್ಲಿ ಹುಟ್ಟಿ ಬ್ರಾಂಕ್ಸ್‌ನಲ್ಲಿ ಬೆಳೆದ ಜೋಸೆಫ್ ಸ್ಯಾಡ್ಲರ್ ಎಂಬ ಹುಡುಗನ ತಂದೆಗೆ ರೆಕಾರ್ಡುಗಳ ಹುಚ್ಚು. ಮಗ ಮುಟ್ಟಿದರೆ ಏಟು. ಏಟು ತಿಂದೂ ಅವನು ಮುಟ್ಟದೆ ಬಿಡಲಿಲ್ಲ. ಬೀದಿಬದಿಯಲ್ಲಿ ಎಸೆದ ರೇಡಿಯೋಗಳನ್ನು ಹೆಕ್ಕಿ ತಂದು ಬಿಚ್ಚುವುದು ಅವನ ಹವ್ಯಾಸ. ಸ್ಯಾಮ್ಯುಯೆಲ್ ಗಾಂಪರ್ಸ್ ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ. ಅವನೇ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್.

ಹರ್ಕ್ ಮುಳ್ಳನ್ನು ಅಂದಾಜಿನ ಮೇಲೆ ಎತ್ತಿ ಇಡುತ್ತಿದ್ದುದರಿಂದ ತಾಳ ಆಗಾಗ ತಪ್ಪುತ್ತಿತ್ತು. ಫ್ಲ್ಯಾಶ್‌ಗೆ ಅದು ಲೆಕ್ಕದ ಸಮಸ್ಯೆಯಾಗಿ ಕಂಡಿತು. ವಿದ್ಯಾರ್ಥಿಗಳು ಬೇಕಾದರೆ ಈ ಲೆಕ್ಕವನ್ನು ಮಾಡಿ ನೋಡಬಹುದು. ದೊಡ್ಡ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಬ್ರೇಕ್ 10 ಸೆಕೆಂಡಿನದಾದರೆ ಸುಮಾರು ಐದೂವರೆ ಸುತ್ತು. ತಟ್ಟೆಯ ಮೇಲೆ ಬಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದು, ಆ ಗೆರೆಯನ್ನು ಗಡಿಯಾರದ ಮುಳ್ಳಿನಂತೆ ನೋಡುತ್ತಾ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರೆ ಬ್ರೇಕ್‌ನ ಮೊದಲ ಪೆಟ್ಟಿಗೇ ಬಂದು ನಿಲ್ಲುತ್ತೇವೆ. ಮುಳ್ಳನ್ನು ಎತ್ತಲೇಬೇಕಾಗಿಲ್ಲ.

ಹಿಂದಕ್ಕೆ ತಿರುಗಿಸುವಾಗ ತಟ್ಟೆ ಮಾತ್ರ ತಿರುಗಬೇಕು, ಕೆಳಗಿನ ಚಕ್ರ ತನ್ನ ಪಾಡಿಗೆ ಮುಂದಕ್ಕೇ ಓಡುತ್ತಿರಬೇಕು. ಅದಕ್ಕೆ ಘರ್ಷಣೆ ಕಡಿಮೆಯಾಗಬೇಕು. ರಬ್ಬರಿನ ಹಾಸು ತೆಗೆದು ಅವನು ಫೆಲ್ಟ್ ಬಟ್ಟೆಯ ಬಿಲ್ಲೆ ಹಾಕಿದ. ಬಟ್ಟೆ ಮುದುಡದಂತೆ ಅಮ್ಮ ಇಸ್ತ್ರಿಗೆ ಬಳಸುವ ಗಂಜಿಯಿಂದ ಅದನ್ನು ಗಡುಸು ಮಾಡಿದ. ಎರಡನೆಯ ತಟ್ಟೆಯನ್ನು ತಾನೊಬ್ಬನೇ ಮೊದಲು ಕೇಳಿಸಿಕೊಳ್ಳಲು ಒಂದು ಸ್ವಿಚ್ಚನ್ನು ತಾನೇ ಜೋಡಿಸಿಕೊಂಡ. ಮೋಟಾರಿನ ವಿಚಾರವೂ ಇದೆ. ಹಳೆಯ ಟರ್ನ್‌ಟೇಬಲ್‌ಗಳಲ್ಲಿ ಮೋಟಾರಿಗೂ ಚಕ್ರಕ್ಕೂ ನಡುವೆ ರಬ್ಬರಿನ ಪಟ್ಟಿ. ಕೈಯಿಂದ ತಡೆದರೆ ಪಟ್ಟಿ ಜಾರಿ ವೇಗ ಕೆಡುತ್ತದೆ. ಜಪಾನಿನ ಮತ್ಸುಶಿತ ಕಂಪನಿ 1972ರಲ್ಲಿ ಹೊರತಂದ ಟೆಕ್ನಿಕ್ಸ್ ಎಸ್‌ಎಲ್-1200ರಲ್ಲಿ ಚಕ್ರ ನೇರವಾಗಿ ಮೋಟಾರಿನ ಮೇಲೆಯೇ ಕೂತಿತ್ತು. ಮನೆಯ ಬೈಠಕ್ಕಿನಲ್ಲಿ ಶಾಂತವಾಗಿ ಕೂತು ಸಂಗೀತ ಕೇಳುವವರಿಗೆಂದು ಮಾಡಿದ ಯಂತ್ರ ಡೀಜೆಗಳ ವೀಣೆಯಾಯಿತು.

ಇನ್ನೊಂದು ಶೋಧ ತಾಯಿಯ ಗದರಿಕೆಯಿಂದ ಆದದ್ದು. 1975ರ ಸುಮಾರು. ಥಿಯೋಡರ್ ಎಂಬ ಹುಡುಗ ಕೋಣೆಯಲ್ಲಿ ರೆಕಾರ್ಡು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದ. ಸದ್ದು ಕಡಿಮೆ ಮಾಡು ಎಂದು ತಾಯಿ ಬಾಗಿಲಿಗೆ ಬಂದರು. ಅವರ ಮಾತು ಕೇಳಿಸಿಕೊಳ್ಳಲು ಅವನು ತಟ್ಟೆಯ ಮೇಲೆ ಕೈಯಿಟ್ಟು ತಡೆದ. ಬುದ್ಧಿವಾದ ನಡೆದಷ್ಟು ಹೊತ್ತೂ ಕೈ ಸುಮ್ಮನಿರದೆ ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿತ್ತು. ಕಿವಿಗೆ ಚರ್ ಚರ್ ಎಂಬ ಹೊಸ ಸದ್ದು ಬಿತ್ತು. ಮುಳ್ಳು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಓಡಿದಾಗ ಧ್ವನಿಯ ಕಂಪನಾಂಕ ಕೈಯ ವೇಗದಂತೆ ಏರಿಳಿಯುತ್ತದೆ. ಇದೇ ಜಗತ್ಪ್ರಸಿದ್ಧವಾದ ‘ಸ್ಕ್ರ್ಯಾಚ್’. ಸೋಜಿಗವೆಂದರೆ, 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ ಎಡಿಸನ್‌ನ ಪ್ರತಿಮೆಯೂ ಬ್ರಾಂಕ್ಸ್‌ನಲ್ಲೇ ಇದೆ. ಸೆಡ್ಜ್‌ವಿಕ್ ಕಟ್ಟಡದಿಂದ ಉತ್ತರಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಬ್ರಾಂಕ್ಸ್ ಕಮ್ಯುನಿಟಿ ಕಾಲೇಜಿನ ಗುಡ್ಡದ ಮೇಲೆ, ಮಹನೀಯರ ಕಂಬಸಾಲಿನಲ್ಲಿ. ಆ ಮಹನೀಯನ ಯಂತ್ರವನ್ನು ಹೀಗೆ ಹಿಂದುಮುಂದಾಗಿ ತಿರುಗಿಸಬಹುದೆಂದು ತೋರಿಸಿದವರು ಅದೇ ಬ್ರಾಂಕ್ಸ್‌ನ ಮಕ್ಕಳು.

ಕಾಲೇಜಿನ ದಾರಿಯಲ್ಲೇ ಸೀಡರ್ ಆಟದ ಮೈದಾನ ಸಿಗುತ್ತದೆ. ಕೂಟಕ್ಕೆ ಬರುವವರು ಕೋಣೆಯಲ್ಲಿ ಹಿಡಿಸದಷ್ಟಾದಾಗ ಹರ್ಕ್ ತನ್ನ ಯಂತ್ರಗಳನ್ನು ಇಲ್ಲಿಗೆ ತಂದ. ಕರೆಂಟು ಬೀದಿದೀಪದ ಕಂಬದಿಂದ. ಗಣೇಶನ ಪೆಂಡಾಲು ಹಾಕಿದ ಅನುಭವವುಳ್ಳ ಹಿರಿಯರಿಗೆ ಈ ವಿದ್ಯೆಯನ್ನು ವಿವರಿಸಬೇಕಾಗಿಲ್ಲ. ಕಿರಿಯರಿಗೆ ಅದು ಪ್ರಾಣಾಪಾಯದ ಕೆಲಸ ಎಂದಷ್ಟೇ ಹೇಳಿದರೆ ಸಾಕು.

ಈಗ ಮುಖ್ಯ ಮಾತು. 1973ರಿಂದ 1979ರವರೆಗೆ, ಆರು ವರ್ಷ, ಹಿಪ್ ಹಾಪ್‌ಗೆ ಅದರದೇ ಆದ ಒಂದು ರೆಕಾರ್ಡೂ ಇರಲಿಲ್ಲ. ಕೋಣೆಯಲ್ಲಿ, ಮೈದಾನದಲ್ಲಿ, ಶಾಲೆಯ ಜಿಮ್ನೇಷಿಯಂನಲ್ಲಿ ನಡೆಯಿತು, ಗಾಳಿಯಲ್ಲಿ ಕರಗಿತು. ಉಳಿದದ್ದು ಯಾರೋ ಮುಂದೆ ಕೂತು ಹಿಡಿದುಕೊಂಡ ಕ್ಯಾಸೆಟ್ಟುಗಳು ಮಾತ್ರ. ಅವು ಕೈಯಿಂದ ಕೈಗೆ ಸಾಗಿದವು, ಬಾಡಿಗೆ ಕಾರುಗಳಲ್ಲಿ ಮೊಳಗಿದವು, ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತಾ ಹೋದಂತೆ ಗೊರಗೊರ ಸದ್ದು ಹೆಚ್ಚಾಗಿ ಮಾತು ಕಡಿಮೆಯಾಯಿತು. ಪ್ಲಾಸ್ಟಿಕ್ಕಿನ ಪಟ್ಟಿಗೆ ಅಂಟಿಸಿದ ಕಬ್ಬಿಣದ ಆಕ್ಸೈಡಿನ ಹುಡಿ ಎಷ್ಟು ಕಾಲ ಬಾಳೀತು? ತೇವಕ್ಕೆ ಅಂಟು ಸಡಿಲಿ ಹುಡಿ ಉದುರುತ್ತದೆ. ಬೇರೆಲ್ಲ ಕಡೆ ತಮ್ಮ ಹದಿಹರೆಯದ ಹಾಡು ಬೇಕೆನಿಸಿದವರು ಅಂಗಡಿಗೆ ಹೋಗಿ ಕೊಂಡಾರು, ಈಗಂತೂ ಫೋನಿನಲ್ಲಿ ಬೆರಳೊತ್ತಿ ಕೇಳಿಯಾರು. ಬ್ರಾಂಕ್ಸ್‌ನ ಆ ಮೊದಲ ತಲೆಮಾರಿಗೆ ಆ ಭಾಗ್ಯವಿಲ್ಲ. ಅವರು ಕೇಳಿದ್ದು ಎಲ್ಲಿಯೂ ಮಾರಾಟಕ್ಕಿಲ್ಲ. ಅದರಿಂದಲೇ ಅವರ ನೆನಪು ಹಾಡಿಗಿಂತ ಹೆಚ್ಚಾಗಿ ಜಾಗವನ್ನು ಹಿಡಿದುಕೊಂಡಿದೆ. ಇಂಥ ಕೋಣೆ, ಇಂಥ ಕಂಬ, ಇಂಥ ಮೂಲೆ.

1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಎಂಬ ರೆಕಾರ್ಡು ಬಂದು ಲೋಕವೆಲ್ಲ ಕುಣಿದಾಗ ಬ್ರಾಂಕ್ಸ್‌ನವರು ಸಂತೋಷಕ್ಕಿಂತ ಹೆಚ್ಚಾಗಿ ಬೆರಗಾದರು. ಅದು ಸಿದ್ಧವಾದದ್ದು ನದಿಯಾಚೆಯ ನ್ಯೂಜೆರ್ಸಿಯಲ್ಲಿ. ಬ್ರಾಂಕ್ಸ್‌ನ ಕೂಟಗಳಲ್ಲಿ ಹೆಸರು ಮಾಡಿದ ಕಲಾವಿದರು ಅದರಲ್ಲಿ ಇರಲಿಲ್ಲ. ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದಿದ್ದ ಸಾಲುಗಳು ಅದರಲ್ಲಿ ಸೇರಿದವು, ಬರೆದವನ ಹೆಸರು ಸೇರಲಿಲ್ಲ. ಅದೇ ಕ್ಯಾಜ್ ಬಹಳ ವರ್ಷಗಳ ನಂತರ ಪ್ರವಾಸಿಗಳ ಬಸ್ಸಿನಲ್ಲಿ ಮಾರ್ಗದರ್ಶಿಯಾಗಿ, ಈ ಬೀದಿಗಳನ್ನು ತೋರಿಸುತ್ತಾ ತಮ್ಮ ಕಥೆಯನ್ನು ತಾವೇ ಹೇಳಿದರು.

ಹಳಹಳಿಕೆಯನ್ನು ಒಂದು ಕಾಲದಲ್ಲಿ ಕಾಯಿಲೆ ಎಂದೇ ಎಣಿಸಿದ್ದರು. ಇಂಗ್ಲಿಷಿನಲ್ಲಿ ಇಂದು ಬಳಕೆಯಲ್ಲಿರುವ ‘ನಾಸ್ಟಾಲ್ಜಿಯಾ’ ಎಂಬ ಶಬ್ದವನ್ನು 1688ರಲ್ಲಿ ಟಂಕಿಸಿದವನು ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ. ಮನೆಯ ಹಂಬಲದಿಂದ ಸೊರಗುವವರ ರೋಗಕ್ಕೆ ಅವನಿಟ್ಟ ಹೆಸರು ಅದು. ಪರದೇಶದ ಸೈನ್ಯಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಸಿಪಾಯಿಗಳು ತಮ್ಮೂರ ದನಗಾಹಿಗಳ ರಾಗ ಕಿವಿಗೆ ಬಿದ್ದರೆ ಅತ್ತು, ಸೈನ್ಯ ಬಿಟ್ಟು ಓಡುತ್ತಿದ್ದರೆಂದೂ, ಅದಕ್ಕಾಗಿ ಆ ರಾಗವನ್ನೇ ನಿಷೇಧಿಸಲಾಗಿತ್ತೆಂದೂ ರೂಸೋ ತನ್ನ ಸಂಗೀತ ಕೋಶದಲ್ಲಿ ಬರೆದಿದ್ದಾನೆ. ಇಂದಿನ ಮನಶ್ಶಾಸ್ತ್ರಜ್ಞರು ಇದನ್ನು ರೋಗ ಎನ್ನುವುದಿಲ್ಲ. ವಯಸ್ಸಾದವರನ್ನು ಅವರ ಬದುಕಿನ ಸಂಗತಿಗಳ ಬಗ್ಗೆ ಕೇಳಿದಾಗ ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳೇ ಹೆಚ್ಚಾಗಿ ಹೊರಬರುತ್ತವೆಂದು ಅವರು ಕಂಡುಕೊಂಡಿದ್ದಾರೆ. ಮೊದಲ ಗೆಳೆತನ, ಮೊದಲ ಸಲ ಮನೆಯಿಂದ ತಡರಾತ್ರಿ ಹೊರಗುಳಿದದ್ದು, ಎಲ್ಲವೂ ಆಗಲೇ. ಅವುಗಳ ಜೊತೆ ಕೇಳಿದ ಹಾಡು ಅವುಗಳ ಜೊತೆಗೇ ಅಚ್ಚೊತ್ತುತ್ತದೆ.

ಆದರೆ ನೆನಪು ಮೋಸಗಾರ. ಬೇಡದ್ದನ್ನು ಸೋಸಿ ಸಿಹಿಯನ್ನಷ್ಟೇ ಬಡಿಸುತ್ತದೆ. ಆ ಕಾಲದ ಬ್ರಾಂಕ್ಸ್ ಸ್ವರ್ಗವೇನೂ ಆಗಿರಲಿಲ್ಲ. 1948ರಲ್ಲಿ ಆರಂಭವಾದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಗಾಗಿ ಜನ ತುಂಬಿದ ಬಡಾವಣೆಗಳನ್ನು ಸೀಳಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದ್ದರು. ಅನಂತರ ಬೆಂಕಿಯ ವರ್ಷಗಳು ಬಂದವು. ಬಾಡಿಗೆ ಹುಟ್ಟದ ಕಟ್ಟಡಗಳನ್ನು ವಿಮೆಯ ಹಣಕ್ಕಾಗಿ ಸುಡಿಸಿದ ಮಾಲೀಕರೂ ಇದ್ದರು. ಉಳಿತಾಯದ ಹೆಸರಿನಲ್ಲಿ ನಗರಾಡಳಿತ ಅಗ್ನಿಶಾಮಕ ಠಾಣೆಗಳನ್ನೇ ಮುಚ್ಚಿತು. 1970ರಿಂದ 1980ರ ನಡುವೆ ದಕ್ಷಿಣ ಬ್ರಾಂಕ್ಸ್‌ನ ಏಳು ಗಣತಿ ಪ್ರದೇಶಗಳು ತಮ್ಮ ಕಟ್ಟಡಗಳಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚನ್ನು ಕಳೆದುಕೊಂಡವು. ಬೀದಿಗೊಂದು ಪುಂಡರ ಗುಂಪು. 1971ರ ಡಿಸೆಂಬರ್‌ನಲ್ಲಿ, ಜಗಳ ಬಿಡಿಸಲು ಹೋದ ಶಾಂತಿದೂತನೇ ಕೊಲೆಯಾದ ಮೇಲೆ, ಹೋ ಅವೆನ್ಯೂವಿನಲ್ಲಿ ಗುಂಪುಗಳೆಲ್ಲ ಸೇರಿ ಕದನ ನಿಲ್ಲಿಸುವ ಮಾತುಕತೆ ನಡೆಸಿದವು. ಆ ಒಪ್ಪಂದ ಆಗದೇ ಇದ್ದಿದ್ದರೆ ಬೇರೆ ಬೇರೆ ಬೀದಿಯ ಹುಡುಗರು ಒಂದೇ ಕೋಣೆಯಲ್ಲಿ ಕುಣಿಯುವುದು ಸುಲಭವಿರಲಿಲ್ಲ. ಸಿಂಡಿಯ ಕೂಟಕ್ಕೆ ಬಂದವರು ಹಾಡಿಗಾಗಿ ಎಷ್ಟು ಬಂದರೋ, ಹೊಡೆದಾಟವಿಲ್ಲದ ಒಂದು ರಾತ್ರಿಗಾಗಿಯೂ ಅಷ್ಟೇ ಬಂದಿರಬೇಕು.

ಈ ನೆನಪಿಗೆ ಬಾಡಿಗೆಯ ಲೆಕ್ಕದಲ್ಲೂ ಬೆಲೆಯಿದೆ ಎಂಬುದು 2007ರಲ್ಲಿ ತಿಳಿಯಿತು. 1520ನೇ ಕಟ್ಟಡ ಮಧ್ಯಮ ಮತ್ತು ಕೆಳ ಆದಾಯದವರಿಗಾಗಿ ಸರ್ಕಾರದ ನೆರವಿನಿಂದ ಆದದ್ದು, ಬಾಡಿಗೆಗೆ ಮಿತಿಯಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ ಮಾಲೀಕರು ಬಯಸಿದರೆ ಆ ಯೋಜನೆಯಿಂದ ಹೊರಬಂದು ಬಾಡಿಗೆ ಏರಿಸಲು ಕಾನೂನಿನಲ್ಲಿ ಅವಕಾಶವಿದೆ. ಮಾಲೀಕರು ಆ ದಾರಿ ಹಿಡಿದಾಗ ಬಾಡಿಗೆದಾರರಿಗೆ ದಿಕ್ಕು ತೋಚಲಿಲ್ಲ. ಕಾರ್ಮಿಕರು, ದಾದಿಯರು, ನಿವೃತ್ತರು ವಾಸಿಸುವ 102 ಮನೆಗಳ ಗೋಳನ್ನು ಕೇಳುವವರು ಯಾರು? ಆಗ ಅವರ ನೆರವಿಗೆ ಬಂದದ್ದು 34 ವರ್ಷ ಹಿಂದಿನ ಒಂದು ಕೂಟ. ಕೂಲ್ ಹರ್ಕ್ ತಾವೇ ಬಂದು ಬಾಡಿಗೆದಾರರ ಜೊತೆ ನಿಂತರು. ಸೆನೆಟರ್ ಚಾರ್ಲ್ಸ್ ಶೂಮರ್ ಬಂದರು, ಪತ್ರಿಕೆಯವರು ಬಂದರು. ಅದೇ ವರ್ಷ ಜುಲೈನಲ್ಲಿ ರಾಜ್ಯದ ಇಲಾಖೆ ಈ ಕಟ್ಟಡ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಲು ಅರ್ಹ ಎಂದು ಒಪ್ಪಿಕೊಂಡಿತು. ಅಷ್ಟರಿಂದಲೇ ಬಾಡಿಗೆ ಉಳಿಯಲಿಲ್ಲ. 2008ರಲ್ಲಿ ಕಟ್ಟಡ ಮಾರಾಟವಾಗಿಯೇ ಬಿಟ್ಟಿತು. ಮುಂದೆ ಸಾಲದ ತೊಡಕು ಬಂದು, ನಗರಾಡಳಿತದ ಹಣದ ನೆರವಿನಿಂದ 2011ರಲ್ಲಿ ಅದು ಮತ್ತೆ ಕೈಬದಲಾಯಿತು; ಈ ಸಲ ಕೊಂಡವರು ಕಡಿಮೆ ಬಾಡಿಗೆಯ ಮನೆಗಳನ್ನು ಉಳಿಸಲೆಂದೇ ಮುಂದೆ ಬಂದವರು. ಕುಣಿತದ ರಾತ್ರಿಯೊಂದರ ನೆನಪಿಗೆ ಇಷ್ಟು ಕೆಲಸ ಮಾಡುವ ಶಕ್ತಿಯಿದ್ದೀತೆಂದು ಯಾರು ತಿಳಿದಿದ್ದರು?

2023ರ ಆಗಸ್ಟ್ 11ರಂದು ಹಿಪ್ ಹಾಪ್‌ಗೆ ಐವತ್ತು ತುಂಬಿತೆಂದು ಯಾಂಕಿ ಕ್ರೀಡಾಂಗಣದಲ್ಲಿ ಭಾರಿ ಕಚೇರಿ ನಡೆಯಿತು. ಟಿಕೆಟ್ಟಿನ ಬೆಲೆ 25 ಸೆಂಟಿನ ಲೆಕ್ಕದ್ದಲ್ಲ ಎಂದು ಹೇಳಬೇಕಾಗಿಲ್ಲ. ಅದೇ ವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಹರ್ಕ್ ಅವರನ್ನು ಗೌರವಿಸಿತು. ನದಿಯ ದಂಡೆಯಲ್ಲಿ, ಬ್ರಾಂಕ್ಸ್ ಪಾಯಿಂಟ್ ಎಂಬಲ್ಲಿ, ಹಿಪ್ ಹಾಪ್ ವಸ್ತುಸಂಗ್ರಹಾಲಯಕ್ಕೆ 2021ರಲ್ಲಿ ಕೆಲಸ ಶುರುವಾಯಿತು. ಅದೇ ಕಟ್ಟಡದಲ್ಲಿ ಕಡಿಮೆ ಬಾಡಿಗೆಯ ಮನೆಗಳೂ ಇರಬೇಕೆಂಬ ಯೋಜನೆ ಬ್ರಾಂಕ್ಸ್‌ನ ಗುಣಕ್ಕೆ ತಕ್ಕದ್ದೇ.

ಇವೆಲ್ಲಕ್ಕಿಂತ ನೋಡಬೇಕಾದದ್ದು ಕ್ರೊಟೋನಾ ಪಾರ್ಕಿನ ಬೇಸಿಗೆ ಸಂಜೆ. ಈ ಶತಮಾನದ ಆರಂಭದ ವರ್ಷಗಳಿಂದ ಅಲ್ಲಿ ಹಳೆಯ ಡೀಜೆಗಳು ಬಯಲಿನಲ್ಲಿ ಪುಕ್ಕಟೆ ಸಂಗೀತ ನುಡಿಸುತ್ತಾ ಬಂದಿದ್ದಾರೆ. ಜನ ಮಡಿಸುವ ಕುರ್ಚಿ ತರುತ್ತಾರೆ. ಬ್ರೇಕ್ ಬಂದೊಡನೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಮಂಡಿ ಹಿಡಿದುಕೊಂಡು ನಗುತ್ತಾ ಕೂರುವ ಅಜ್ಜಂದಿರು ಇದ್ದಾರೆ. ಪಕ್ಕದಲ್ಲಿ ಮೊಮ್ಮಕ್ಕಳು. ಆ ಮೊಮ್ಮಕ್ಕಳ ಕಿವಿಯಲ್ಲಿ ‘ಬ್ರಾಂಕ್ಸ್ ಡ್ರಿಲ್’ ಎಂಬ ಬೇರೆಯೇ ರ‍್ಯಾಪ್. ಅದರ ಬಿರುಸೇ ಬೇರೆ, ಮಾತೇ ಬೇರೆ. ಅದೂ ಒಂದು ಸಂಗೀತವೇ, ಬರೀ ಗದ್ದಲ ಎಂದು ಮುಖ ಸಿಂಡರಿಸುವವರು, ಹಿಂದೊಮ್ಮೆ ಇದೇ ಮಾತನ್ನು ತಮ್ಮ ಮನೆಗಳಲ್ಲಿ ಕೇಳಿಸಿಕೊಂಡವರೇ.

ಸೆಡ್ಜ್‌ವಿಕ್ ಅವೆನ್ಯೂಗೆ ಬಂದವರು ಆ ಕೆಳಗಿನ ಕೋಣೆಯನ್ನು ನೋಡಬೇಕೆಂದು ಬಯಸುವುದು ಸಹಜ. ಆದರೆ ಅದು ಟಿಕೆಟ್ ಕೊಂಡು ಒಳಹೋಗುವ ಸ್ಮಾರಕವಲ್ಲ, ಜನ ಬದುಕುತ್ತಿರುವ ಮನೆ. ಸಂಜೆಯ ಹೊತ್ತಿಗೆ ಕೆಲಸದಿಂದ ಮರಳುವವರು, ಶಾಲೆಯ ಚೀಲ ಹೊತ್ತ ಮಕ್ಕಳು, ಎರಡು ಕೈಯಲ್ಲೂ ದಿನಸಿಯ ಚೀಲ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಬಾಗಿಲಿಗೆ ಅಡ್ಡವಾಗಿ ನಿಂತು ಚಿತ್ರ ತೆಗೆಯುತ್ತಿರುವವರು ಕ್ಯಾಮೆರಾ ಇಳಿಸಿ, ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡುತ್ತಾರೆ.